ಮಳೆ ಅಳೆಯುವವರು, ಕಲ್ಲು ಓದುವವರು

ಹವ್ಯಾಸಗಳಲ್ಲಿ ಕೆಲವು ಮನಸ್ಸಿಗೆ ಮುದ ಕೊಟ್ಟು ಅಲ್ಲಿಗೇ ಮುಗಿಯುತ್ತವೆ. ಇನ್ನು ಕೆಲವು ಒಂದು ನೋಟ್‌ಬುಕ್ಕನ್ನು ತುಂಬಿಸುತ್ತ ಹೋಗುತ್ತವೆ. ನಿನ್ನೆ ಬಿದ್ದ ಮಳೆಯ ಲೆಕ್ಕ, ಊರಾಚೆಯ ವೀರಗಲ್ಲಿನ ಬರಹ, ದೀಪಕ್ಕೆ ಬಂದ ಪತಂಗಗಳ ಪಟ್ಟಿ, ನಕ್ಷತ್ರವೊಂದರ ಏರಿ ಇಳಿಯುವ ಕಾಂತಿ, ಕಡಲಾಚೆಯಿಂದ ಕೇಳಿಬಂದ ರೇಡಿಯೋ ದನಿ ಇವೆಲ್ಲ ಎರಡನೆಯ ಬಗೆಗೆ ಸೇರಿದವು. ಕಂಡದ್ದನ್ನು, ಕೇಳಿದ್ದನ್ನು ದಿನಾಂಕ ಮತ್ತು ಹೊತ್ತು ಹಾಕಿ ಬರೆದಿಡುವುದೇ ಇವುಗಳ ಮುಖ್ಯ ಕೆಲಸ. ಇಂಥ ಹವ್ಯಾಸ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆ. ಆದರೆ ಪ್ರತಿ ಊರಿನಲ್ಲಿ, ಪ್ರತಿ ದಿನ, ಪ್ರತಿ ರಾತ್ರಿ ಒಬ್ಬ ವಿಜ್ಞಾನಿಯನ್ನೋ ಇತಿಹಾಸಕಾರನನ್ನೋ ನಿಲ್ಲಿಸಲು ಯಾವ ಸರ್ಕಾರಕ್ಕೂ ವಿಶ್ವವಿದ್ಯಾಲಯಕ್ಕೂ ಆಗುವುದಿಲ್ಲ. ಹಾಗಾಗಿ ಮನೆಯಲ್ಲಿದ್ದುಕೊಂಡೇ ನಿಷ್ಠೆಯಿಂದ ಬರೆದಿಟ್ಟ ಸಾಮಾನ್ಯರ ಲೆಕ್ಕಕ್ಕೆ ವಿದ್ವಾಂಸರ ಲೋಕದಲ್ಲೂ ಬೆಲೆ ಇದೆ.

ಇವುಗಳಲ್ಲಿ ಅತ್ಯಂತ ಸುಲಭವಾದದ್ದು ಮಳೆ ಅಳೆಯುವುದು. ಕಾಫಿ ಸೀಮೆಗೆ ಇದು ಹೊಸದಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ಅಜ್ಜನ ಕಾಲದಿಂದ ನಡೆದುಬಂದ ಮಳೆ ಪುಸ್ತಕವೂ ಎಷ್ಟೋ ಕಡೆ ಇರುತ್ತದೆ. ಅಲ್ಲಿ ಮಳೆಯ ಮಾತು ಇಂದಿಗೂ ಇಂಚು, ಸೆಂಟುಗಳಲ್ಲೇ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೇಸಿಗೆಯಲ್ಲಿ ಬೀಳುವ ಹೂಮಳೆಯ ಮೇಲೆ ಕಾಫಿಯ ಫಸಲು ನಿಂತಿದೆ. ಸಾಕಷ್ಟು ಮಳೆಯಾದರೆ ಎಂಟು ಹತ್ತು ದಿನಕ್ಕೆ ಗಿಡ ಹೂ ಬಿಡುತ್ತದೆ, ಸಾಲದೇ ಹೋದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಆದ್ದರಿಂದ ಎಷ್ಟು ಸೆಂಟು ಬಿತ್ತು ಎಂಬುದು ಅಲ್ಲಿ ಬದುಕಿನ ಪ್ರಶ್ನೆ. ತೋಟವಿಲ್ಲದವರಿಗೂ ಈ ಅಭ್ಯಾಸ ಒಗ್ಗುತ್ತದೆ.

ಮಾಪಕವನ್ನು ಅಂಗಡಿಯಿಂದ ತರಬಹುದು, ಮನೆಯಲ್ಲೂ ಮಾಡಿಕೊಳ್ಳಬಹುದು. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಪಾತ್ರೆಯಾದರೆ ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಇನ್ನೂ ನಿಖರವಾಗಿ ಬೇಕೆಂದರೆ ಬಾಟಲಿಯ ಬಾಯಿಗೆ ಆಲಿಕೆ ಇಟ್ಟು, ಸೇರಿದ ನೀರನ್ನು ಔಷಧಿಯ ಅಳತೆ ಲೋಟದಲ್ಲಿ ಅಳೆಯಬೇಕು. ಆಲಿಕೆಯ ಬಾಯಿ 10 ಸೆಂಟಿಮೀಟರ್ ಅಗಲವಿದ್ದರೆ ಪ್ರತಿ 7.85 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆ. ಜಾಗದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಹತ್ತಿರದ ಗೋಡೆಯೋ ಮರವೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರದಲ್ಲಿ ಮಾಪಕ ಇರಬೇಕು, ಇಲ್ಲದಿದ್ದರೆ ಗಾಳಿಮಳೆಯಲ್ಲಿ ಲೆಕ್ಕ ತಪ್ಪುತ್ತದೆ. ಭಾರತೀಯ ಹವಾಮಾನ ಇಲಾಖೆ ಮಳೆಯನ್ನು ಅಳೆಯುವುದು ಬೆಳಿಗ್ಗೆ 8.30ಕ್ಕೆ. ಅದಕ್ಕೆ ಹಿಂದಿನ 24 ಗಂಟೆಯ ಮಳೆ ಆ ದಿನಾಂಕದ ಮುಂದೆ ದಾಖಲಾಗುತ್ತದೆ. ಮನೆಯಲ್ಲಿ ಅಳೆಯುವವರೂ ಅದೇ ಹೊತ್ತನ್ನು ಪಾಲಿಸಿದರೆ ಎರಡು ಲೆಕ್ಕಗಳನ್ನು ಹೋಲಿಸಲು ಬರುತ್ತದೆ. ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಲೇಬೇಕು. ಖಾಲಿ ಬಿಟ್ಟರೆ ಅಂದು ಮಳೆ ಬರಲಿಲ್ಲವೋ, ಅಳೆಯುವವರು ಊರಲ್ಲಿರಲಿಲ್ಲವೋ ಎಂಬುದು ಮುಂದೆ ಯಾರಿಗೂ ತಿಳಿಯದು.

ಅಳತೆ ಕೈಗೆ ಹತ್ತಿದ ಮೇಲೆ ಮಳೆ ಬೇರೆಯೇ ರೀತಿ ಕಾಣುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು ನಲವತ್ತರ ಸೈಟಿನ ಮೇಲೆ 20 ಮಿಲಿಮೀಟರ್ ಮಳೆಯಾದರೆ 2,200 ಲೀಟರಿಗೂ ಹೆಚ್ಚು ನೀರು ಬಿದ್ದಿದೆ ಎಂದಾಯಿತು. ಬೆಂಗಳೂರಿನ ವರ್ಷದ ಸರಾಸರಿ ಸಾವಿರ ಮಿಲಿಮೀಟರಿಗೆ ತುಸು ಕಡಿಮೆ, ಚಳ್ಳಕೆರೆಯಲ್ಲಿ ಹೆಚ್ಚುಕಡಿಮೆ ಅದರ ಅರ್ಧ, ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಒಂದೇ ಊರಿನ ಎರಡು ಬಡಾವಣೆಗಳ ನಡುವೆ ಆಗುವ ವ್ಯತ್ಯಾಸ ಇನ್ನೂ ಕುತೂಹಲದ್ದು. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಪಟ್ಟಣದಲ್ಲಿ 1997ರ ಜುಲೈ 28ರಂದು ಒಂದು ಬದಿಗೆ ಹತ್ತು ಇಂಚು ಮೀರಿ ಮಳೆ ಸುರಿದು ಪ್ರವಾಹ ಬಂದು ಜೀವಹಾನಿಯಾಯಿತು. ಕೆಲವೇ ಮೈಲಿ ಆಚೆ ಬಿದ್ದ ಮಳೆ ತೀರ ಕಡಿಮೆ. ಸರ್ಕಾರಿ ಮಾಪಕಗಳ ನಡುವಿನ ಜಾಗದಲ್ಲಿ ಏನಾಗುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮರುವರ್ಷವೇ ಅಲ್ಲಿ ಹಿತ್ತಿಲಲ್ಲಿ ಮಳೆ ಅಳೆಯುವ ನಾಗರಿಕರ ಜಾಲವೊಂದು ಶುರುವಾಗಿ ಮುಂದೆ ದೇಶದುದ್ದಕ್ಕೂ ಹಬ್ಬಿತು.

ಕನ್ನಡದ ಮಳೆಮಾಪಕರಿಗೆ ಇನ್ನೊಂದು ಆಸಕ್ತಿಯ ಲೆಕ್ಕವಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರೆ ಮಳೆ ಎಂದು ರೈತರು ಕರೆಯುತ್ತಾರೆ. ಯಾವ ಮಳೆ ಕೈಕೊಡುತ್ತದೆ, ಯಾವುದು ಹಿಡಿದರೆ ಬಿಡುವುದಿಲ್ಲ ಎಂಬ ಗಾದೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಹತ್ತಾರು ವರ್ಷದ ಸ್ವಂತ ದಾಖಲೆ ಇದ್ದರೆ ಆ ಮಾತುಗಳನ್ನು ತಮ್ಮೂರಿನ ಮಟ್ಟಿಗೆ ಒರೆಗೆ ಹಚ್ಚಬಹುದು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಋತುಗಳಿಗೆ ಹೋಲಿಸಿದರೆ ಈ ಮಳೆ ನಕ್ಷತ್ರಗಳ ದಿನಾಂಕ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತಿದೆ. ಸಾವಿರ ವರ್ಷಕ್ಕೆ ಅದು ಎರಡು ವಾರ, ಅಂದರೆ ಒಂದು ಇಡೀ ನಕ್ಷತ್ರದಷ್ಟಾಗುತ್ತದೆ. ಗಾದೆ ಎಷ್ಟು ಹಳೆಯದೋ ಅಷ್ಟು ಅದರ ಕಾಲ ಜರುಗಿರುತ್ತದೆ ಎಂಬುದನ್ನು ನೆನಪಿಟ್ಟು ಲೆಕ್ಕ ಹಾಕಬೇಕು.

ಕಲ್ಲು ಓದುವ ಹವ್ಯಾಸಕ್ಕೆ ಕರ್ನಾಟಕದಷ್ಟು ಒಳ್ಳೆಯ ನೆಲ ಸಿಗುವುದು ಕಷ್ಟ. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರ ಶಾಸನದಿಂದ ಹಿಡಿದು ಮುಂದಿನ ಸಾವಿರಕ್ಕೂ ಹೆಚ್ಚು ವರ್ಷ ಇಲ್ಲಿನ ಜನ ದಾನ, ಯುದ್ಧ, ಕೆರೆ, ದೇಗುಲ, ಸಾವು ಎಲ್ಲವನ್ನೂ ಕಲ್ಲಿಗೆ ಬರೆದರು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ಸಂಗ್ರಹಿಸಿ 1886ರಿಂದ 1904ರ ನಡುವೆ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂಬತ್ತು ಸಾವಿರದ ಆಸುಪಾಸು ಶಾಸನಗಳಿವೆ. ಮುಂದೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿರುವುದರಿಂದ ಹೊಸಬರ ಮೊದಲ ಕೆಲಸ ಸರಳವಾಗಿದೆ. ತಮ್ಮ ತಾಲ್ಲೂಕಿನ ಸಂಪುಟ ತೆರೆದು, ತಮ್ಮ ಊರಿನ ಹೆಸರು ಹುಡುಕಿ, ಅಲ್ಲಿ ಹೇಳಿರುವ ಕಲ್ಲು ಈಗ ಎಲ್ಲಿದೆ ಎಂದು ಹೋಗಿ ನೋಡುವುದು. ನೂರು ವರ್ಷದ ಹಿಂದೆ ‘ಊರ ಮುಂದಣ ಹೊಲದಲ್ಲಿ’ ಇದ್ದದ್ದು ಇಂದು ಬಡಾವಣೆಯ ಚರಂಡಿಯ ಮೇಲೋ, ಬಟ್ಟೆ ಒಗೆಯುವ ಕಲ್ಲಾಗಿಯೋ, ಅಡಿಪಾಯದೊಳಗೋ ಇರಬಹುದು. ಇದ್ದರೆ ಇದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು ದಾಖಲಿಸುವುದೂ ಇತಿಹಾಸಕ್ಕೆ ಸಲ್ಲುವ ಕೆಲಸವೇ.

ಬೆಂಗಳೂರಿನಲ್ಲಿ ಕೆಲ ವರ್ಷಗಳಿಂದ ಹವ್ಯಾಸಿಗಳ ಗುಂಪುಗಳು ಇದನ್ನು ಶ್ರದ್ಧೆಯಿಂದ ಮಾಡುತ್ತಿವೆ. ಹೆಬ್ಬಾಳದಲ್ಲಿ 2018ರಲ್ಲಿ ಅವರ ಕಣ್ಣಿಗೆ ಬಿದ್ದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಐ.ಟಿ. ನಗರದ ನಡುವೆ, ಸಾವಿರದಿನ್ನೂರು ವರ್ಷಕ್ಕೂ ಹಿಂದೆ ಹೋರಾಡಿ ಸತ್ತವನೊಬ್ಬನ ಹೆಸರು ಇನ್ನೂ ಓದಲು ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ. ಆ ಕಲ್ಲಿಗೆ ಈಗ ಮಂಟಪವಿದೆ. ಬೇಗೂರಿನ ವೀರಗಲ್ಲಂತೂ ಪ್ರಸಿದ್ಧವೇ. ಸುಮಾರು ಕ್ರಿ.ಶ. 890ರ ಆ ಶಾಸನದಲ್ಲಿ ‘ಬೆಂಗಳೂರ’ ಕಾಳಗದ ಪ್ರಸ್ತಾಪವಿದೆ, ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆಯೇ ಆ ಹೆಸರು ಬಳಕೆಯಲ್ಲಿತ್ತು. ನಗರದ ಮಿಥಿಕ್ ಸೊಸೈಟಿ ಇಂಥ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದೆ.

ಅಕ್ಷರ ಓದಲು ಬಾರದಿದ್ದಾಗಲೂ ಕಲ್ಲು ಬಹಳಷ್ಟನ್ನು ಹೇಳುತ್ತದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಡೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲ್ಗಡೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಕಂಡರೆ ಅದು ತುರುಗೋಳ್, ಅಂದರೆ ದನ ಹಿಡಿಯಲು ಬಂದವರ ಜತೆ ನಡೆದ ಕಾಳಗ. ಕಂಬದಂಥ ರೂಪದಿಂದ ಬಳೆ ತೊಟ್ಟ ಕೈಯೊಂದು ಮೇಲಕ್ಕೆ ಚಾಚಿದ್ದರೆ ಸಹಗಮನ ಮಾಡಿದವಳ ನೆನಪಿನ ಮಾಸ್ತಿಕಲ್ಲು. ಸಲ್ಲೇಖನ ಕೈಗೊಂಡ ಜೈನರ ನೆನಪಿಗೆ ನಿಲ್ಲಿಸಿದ್ದು ನಿಸಿದಿಗಲ್ಲು. ದಾನಶಾಸನದ ಮೇಲ್ತುದಿಯಲ್ಲಿ ಸೂರ್ಯ ಚಂದ್ರರಿರುತ್ತಾರೆ, ಅವರಿರುವ ತನಕ ದಾನ ನಡೆಯಲಿ ಎಂದು. ಕೊನೆಯಲ್ಲಿ ದಾನವನ್ನು ಅಳಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬಂಥ ಶಾಪ ಇರುತ್ತದೆ.

ಲಿಪಿ ಕಲಿಯಲು ಹಲವರು ಹಲ್ಮಿಡಿಯಿಂದ ಶುರು ಮಾಡಲು ಹೋಗಿ ಸೋಲುತ್ತಾರೆ. ಹಿಂದುಮುಂದಾಗಿ ಹೋಗುವುದೇ ಸರಿಯಾದ ದಾರಿ. ಮೊದಲು ವಿಜಯನಗರ ಕಾಲದ್ದು, ಆಮೇಲೆ ಹೊಯ್ಸಳರ ಕಾಲದ್ದು, ಅನಂತರ ರಾಷ್ಟ್ರಕೂಟ, ಗಂಗ, ಬಾದಾಮಿ ಚಾಲುಕ್ಯರ ಕಾಲದ್ದು. ಹೊಯ್ಸಳರ ಕಾಲದ ದುಂಡು ಅಕ್ಷರಗಳನ್ನು ಇಂದಿನ ಕನ್ನಡ ಬಲ್ಲವರು ಒಂದಿಷ್ಟು ದಿನದ ಅಭ್ಯಾಸದಿಂದ ಹಿಡಿಯಬಹುದು. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘಗಳನ್ನು ಬೇರೆಯಾಗಿ ತೋರಿಸಿರುವುದಿಲ್ಲ, ಈಗ ಬಳಕೆ ತಪ್ಪಿದ ೞ, ಱ ಅಕ್ಷರಗಳು ಬರುತ್ತವೆ. ಆದರೆ ಬಹುಪಾಲು ಶಾಸನಗಳು ‘ಸ್ವಸ್ತಿ’ ಎಂದೇ ಶುರುವಾಗುತ್ತವೆ, ಹಲವು ‘ಮಂಗಳ ಮಹಾ ಶ್ರೀ’ ಎಂದು ಮುಗಿಯುತ್ತವೆ. ತಿಳಿದ ಈ ಪದಗಳಿಂದ ಸಿಗುವ ಅಕ್ಷರಗಳನ್ನು ಹಿಡಿದುಕೊಂಡು ಒಳಕ್ಕೆ ಹೋದರೆ ‘ಶ್ರೀಮತು’, ‘ಸಂವತ್ಸರ’, ‘ಬಿಟ್ಟ ದತ್ತಿ’ ಎಂಬ ಪದಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕ್ರಮವಾಗಿ ಕಲಿಯಬಯಸುವವರಿಗೆ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿಗಳನ್ನು ನಡೆಸುತ್ತ ಬಂದಿದೆ.

ಕಾಲದ ಲೆಕ್ಕವನ್ನು ಹವ್ಯಾಸಿಯೇ ಮಾಡಿ ನೋಡಬಹುದು ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಒಳ್ಳೆಯ ಉದಾಹರಣೆ. ಅದು ನಾಯಿಯೊಂದರ ನೆನಪಿಗೆ ಹಾಕಿಸಿದ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ತನ್ನ ಒಡೆಯನಾದ ಗಂಗರ ಬೂತುಗನಲ್ಲಿ ಕಾಳಿ ಎಂಬ ಬೇಟೆನಾಯಿಯನ್ನು ಮೆಚ್ಚುಗೆಯಾಗಿ ಬೇಡಿ ಪಡೆದ. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಜತೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗದ ಕೆತ್ತನೆ ಇದೆ. ಶಾಸನದ ಕಾಲ ಶಕ ವರ್ಷ 872, ಸೌಮ್ಯ ಸಂವತ್ಸರ. ಶಕ ವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಕಳೆದುಹೋದ ವರ್ಷವನ್ನಲ್ಲದೆ ನಡೆಯುತ್ತಿರುವ ವರ್ಷವನ್ನು ಹೇಳಿದ್ದರೆ 77 ಕೂಡಿಸಬೇಕು. ಹಾಗಾದರೆ ಇದು 950ರ ಯುಗಾದಿಯಿಂದ ಶುರುವಾದ ವರ್ಷವೋ, 949ರದೋ? ಇಲ್ಲಿ ಸಂವತ್ಸರ ನೆರವಿಗೆ ಬರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ಸೌಮ್ಯ ಸಂವತ್ಸರ ಈಚೆಗೆ ಬಂದದ್ದು 1969ರ ಯುಗಾದಿಗೆ. ಅಲ್ಲಿಂದ ಹದಿನೇಳು ಆವರ್ತ, ಅಂದರೆ 1,020 ವರ್ಷ ಹಿಂದಕ್ಕೆ ಹೋದರೆ ಸಿಗುವುದು 949. ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದ ಎಣಿಕೆಯೇ ಗಂಗರ ಕಾಲದ ಕಲ್ಲಿಗೂ ಹೊಂದುತ್ತದೆ. ಈ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯಾರು ಬೇಕಾದರೂ ಹೋಗಿ ನೋಡಬಹುದು.

ಶಾಸನ ನೋಡಹೋಗುವವರು ಪಾಲಿಸಲೇಬೇಕಾದ ಕಟ್ಟಳೆಗಳಿವೆ. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಎಣ್ಣೆ, ಬಣ್ಣ, ಸೀಮೆಸುಣ್ಣ ಏನನ್ನೂ ಹಚ್ಚಬಾರದು, ಕಬ್ಬಿಣದಿಂದ ಕೆರೆಯಬಾರದು. ಧೂಳು ತೆಗೆಯಲು ಒಣಗಿದ ಮೆದು ಬ್ರಷ್ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣದ ಕಲ್ಲು ಬೆಳಿಗ್ಗೆ, ಸಂಜೆಯ ಓರೆ ಬಿಸಿಲಿನಲ್ಲಿ ಸ್ಪಷ್ಟವಾಗುತ್ತದೆ. ರಾತ್ರಿ ಟಾರ್ಚನ್ನು ಕಲ್ಲಿನ ಮೈಗೆ ಸಮವಾಗಿ ಪಕ್ಕದಿಂದ ಹಿಡಿದರಂತೂ ಸವೆದ ಗೆರೆಗಳೂ ನೆರಳು ಕಟ್ಟಿ ನಿಲ್ಲುತ್ತವೆ. ಒದ್ದೆ ಕಾಗದ ಬಡಿದು ಮಸಿಯಿಂದ ಪಡಿಯಚ್ಚು ತೆಗೆಯುವುದು ಪರಿಣತರ ಕೆಲಸ, ಅದನ್ನು ಅವರಿಗೇ ಬಿಡಬೇಕು. ಎಷ್ಟೋ ಊರುಗಳಲ್ಲಿ ವೀರಗಲ್ಲಿಗೆ ಪೂಜೆ ನಡೆಯುತ್ತದೆ, ಹಾಗಾಗಿ ಊರವರನ್ನು ಕೇಳದೆ ಮುಟ್ಟುವಂತಿಲ್ಲ. ಇನ್ನೊಂದು ಅಪಾಯ ನಿಧಿಗಳ್ಳರದು. ಶಾಸನದ ಕೆಳಗೆ ಹೊನ್ನಿದೆ ಎಂಬ ಮೂಢನಂಬಿಕೆಯಿಂದ ಬುಡ ಅಗೆದು ಒಡೆದು ಹಾಕಿದ ಕಲ್ಲುಗಳು ರಾಜ್ಯದ ತುಂಬ ಇವೆ. ಅದರಲ್ಲಿ ಏನು ಬರೆದಿದೆ ಎಂದು ಊರವರಿಗೆ ಓದಿ ಹೇಳುವುದಕ್ಕಿಂತ ದೊಡ್ಡ ಕಾವಲು ಆ ಕಲ್ಲಿಗೆ ಇನ್ನೊಂದಿಲ್ಲ. ಹೊಸ ಕಲ್ಲು ಸಿಕ್ಕಿದರೆ ಪುರಾತತ್ವ ಇಲಾಖೆಗೆ ತಿಳಿಸಬೇಕು.

ಪತಂಗ ನೋಡುವ ಹವ್ಯಾಸಕ್ಕೆ ಮನೆಬಿಟ್ಟು ಹೋಗಬೇಕಾದ್ದೇ ಇಲ್ಲ. ಭಾರತದಲ್ಲಿ ಚಿಟ್ಟೆಗಳ ಬಗೆ ಸುಮಾರು 1,300, ಪತಂಗಗಳದ್ದು ಹತ್ತು ಸಾವಿರಕ್ಕೂ ಹೆಚ್ಚು. ಹಾಗಿದ್ದೂ ಚಿಟ್ಟೆಗೆ ಸಿಕ್ಕ ಪ್ರೀತಿ ದೀಪದ ಹುಳುವಿಗೆ ಸಿಕ್ಕಿಲ್ಲ. ನಮ್ಮ ರೇಷ್ಮೆಯೆಲ್ಲ ಪತಂಗದ ಗೂಡಿನಿಂದಲೇ ಬರುತ್ತದೆ ಎಂಬುದೂ ಮರೆತುಹೋಗುತ್ತದೆ. ಮಳೆಗಾಲದ ಮೋಡ ಕವಿದ, ಬೆಳದಿಂಗಳಿಲ್ಲದ ರಾತ್ರಿ ತಾರಸಿಯಲ್ಲೋ ಜಗಲಿಯಲ್ಲೋ ಬಿಳಿ ಪಂಚೆ ಕಟ್ಟಿ ಮುಂದೆ ಒಂದು ದೀಪ ಇಟ್ಟರೆ ಸಾಕು. ನೇರಳಾತೀತ ಬೆಳಕಿನ ಬಲ್ಬಾದರೆ ಹೆಚ್ಚು ಬರುತ್ತವೆ, ಟ್ಯೂಬ್‌ಲೈಟಿಗೂ ಬರುತ್ತವೆ. ಹುಳುಗಳು ಬೆಳಕಿಗೆ ಮೋಹಗೊಂಡು ಬರುತ್ತವೆ ಎಂದೇ ಬಹುಕಾಲ ನಂಬಲಾಗಿತ್ತು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯ ಕಾರಣ ತೋರಿಸಿತು. ರಾತ್ರಿ ಹಾರುವ ಕೀಟಗಳು ಆಕಾಶವೇ ಬೆಳಕಿನ ಕಡೆ ಎಂದು ತಿಳಿದು ಸದಾ ಬೆನ್ನನ್ನು ಬೆಳಕಿಗೆ ಒಡ್ಡಿ ಹಾರುತ್ತವೆ. ಪಕ್ಕದಲ್ಲಿ ದೀಪವಿದ್ದರೆ ಬೆನ್ನು ಅತ್ತ ವಾಲುತ್ತದೆ, ಹಾರುವ ದಾರಿ ಬಾಗುತ್ತದೆ, ಹುಳು ದೀಪದ ಸುತ್ತಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಇಡೀ ರಾತ್ರಿ ದೀಪ ಉರಿಸದೆ ಒಂದೆರಡು ಗಂಟೆ ನೋಡಿ, ಫೋಟೋ ತೆಗೆದು ಆರಿಸಿಬಿಡುವುದು ಹುಳುಗಳಿಗೂ ಒಳ್ಳೆಯದು. ಫೋಟೋಗಳನ್ನು ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕಿದರೆ ಹೆಸರು ಗುರುತಿಸಲು ಬಲ್ಲವರು ನೆರವಾಗುತ್ತಾರೆ.

ಹಗಲಿನಲ್ಲಿ ಶುರು ಮಾಡಬಯಸುವವರು ಅಂಗಳದ ನಂದಿಬಟ್ಟಲು ಅಥವಾ ಕಣಗಿಲೆ ಗಿಡ ನೋಡಬೇಕು. ಎಲೆ ತಿಂದ ಗುರುತಿದ್ದರೆ ಅಲ್ಲೆಲ್ಲೋ ಹಸಿರು ಮೈಯ, ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಗುರುತುಗಳಿರುವ ದಪ್ಪ ಕಂಬಳಿಹುಳು ಇರುವ ಸಂಭವ ಹೆಚ್ಚು. ಅದರ ಮೈಯಲ್ಲಿ ಕಡಿಯುವ ಕೂದಲಿಲ್ಲ. ಎಲೆಯ ಸಮೇತ ತಂದು, ತಳದಲ್ಲಿ ಮಣ್ಣು ಮತ್ತು ತರಗೆಲೆ ಹಾಕಿದ ಡಬ್ಬಿಯಲ್ಲಿಟ್ಟು ದಿನವೂ ಹೊಸ ಎಲೆ ಕೊಟ್ಟರೆ ಅದು ಕಂದು ಬಣ್ಣಕ್ಕೆ ತಿರುಗಿ ಕೋಶವಾಗುತ್ತದೆ. ಸುಮಾರು ಎರಡು ವಾರಕ್ಕೆ ಹಸಿರು, ಗುಲಾಬಿ ಮಿಶ್ರಿತ ರೆಕ್ಕೆಯ ಸುಂದರ ಪತಂಗ ಹೊರಬರುತ್ತದೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಕಡಿಮೆ.

ನಕ್ಷತ್ರಗಳ ಕಾಂತಿ ಅಳೆಯುವುದಕ್ಕೆ ಬರಿಗಣ್ಣು ಸಾಕು ಎಂದರೆ ನಂಬುವುದು ಕಷ್ಟ. ಆದರೆ ಈ ಹವ್ಯಾಸದ ಚರಿತ್ರೆ ಅದನ್ನೇ ಹೇಳುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರದ ಕಿವುಡ ಯುವಕ ಜಾನ್ ಗುಡ್‌ರಿಕ್ 1782ರಲ್ಲಿ ಪರ್ಸಿಯಸ್ ಪುಂಜದ ಆಲ್ಗಾಲ್ ನಕ್ಷತ್ರವನ್ನು ರಾತ್ರಿ ರಾತ್ರಿ ನೋಡಿ, ಅದು ಎರಡು ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ ಎಂದು ಕಂಡುಕೊಂಡ. ಕಾಣದ ಇನ್ನೊಂದು ಕಾಯ ಅದರ ಮುಂದೆ ಹಾದುಹೋಗುತ್ತಿರಬಹುದು ಎಂದೂ ಸೂಚಿಸಿದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ, 21ನೇ ವಯಸ್ಸಿಗೆ ತೀರಿಕೊಂಡ. ಅವನ ಊಹೆ ನಿಜವೆಂದು ಸಾಬೀತಾಗಲು ಇನ್ನೂ ನೂರು ವರ್ಷ ಬೇಕಾಯಿತು.

ಭಾರತದಲ್ಲಿ ಈ ಹವ್ಯಾಸದ ದೊಡ್ಡ ಹೆಸರು ರಾಧಾಗೋವಿಂದ ಚಂದ್ರ. ಅಂದಿನ ಬಂಗಾಳದ ಜೆಸ್ಸೋರಿನಲ್ಲಿ ಖಜಾನೆಯ ಸಣ್ಣ ನೌಕರ, ಪದವಿ ಇಲ್ಲ. ಸ್ವಂತ ದುಡ್ಡಿನಲ್ಲಿ ಮೂರು ಇಂಚಿನ ದೂರದರ್ಶಕ ತರಿಸಿಕೊಂಡರು. 1918ರಲ್ಲಿ ಗರುಡ ಪುಂಜದಲ್ಲಿ ಹೊಸದಾಗಿ ಹೊಳೆದ ನೋವಾವನ್ನು ತಾವಾಗಿ ಗುರುತಿಸಿದರು. 1911ರಲ್ಲಿ ಸ್ಥಾಪನೆಯಾಗಿದ್ದ ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು, ಆರು ಇಂಚಿನ ದೂರದರ್ಶಕವನ್ನೂ ಕಳಿಸಿಕೊಟ್ಟಿತು. ದಶಕಗಳ ಕಾಲ ಹಗಲು ಕಚೇರಿ, ರಾತ್ರಿ ಆಕಾಶ ಎಂದು ಬದುಕಿದ ಅವರು ಕಳಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು. ವಯಸ್ಸಾದ ಮೇಲೆ ಆ ದೂರದರ್ಶಕ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈಸೇರಿ, ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಬಂತು.

ಹೊಸಬರು ಶುರು ಮಾಡಲು ತಕ್ಕದ್ದು ಮಹಾವ್ಯಾಧ ಪುಂಜದ ಕೆಂಪು ತಾರೆ ಆರ್ದ್ರಾ. ನಕ್ಷತ್ರದ ಕಾಂತಿಯನ್ನು ಹೇಳುವ ಅಂಕಿ ಚಿಕ್ಕದಾದಷ್ಟೂ ತಾರೆ ಹೆಚ್ಚು ಬೆಳಗುತ್ತದೆ. ಐದು ಅಂಕಿಯ ಅಂತರಕ್ಕೆ ನೂರು ಪಟ್ಟು ಬೆಳಕಿನ ವ್ಯತ್ಯಾಸ. ಆರ್ದ್ರೆಯ ಬಳಿ ಪ್ರೊಸಿಯಾನ್ ಇದೆ, ಅದರ ಕಾಂತಿ 0.4. ಇನ್ನೊಂದು ಬದಿಯ ರೋಹಿಣಿ ಸುಮಾರು 0.9. ಆರ್ದ್ರಾ ಇವೆರಡರ ಸರಿಯಾಗಿ ನಡುವೆ ಇದೆ ಎನ್ನಿಸಿದರೆ ಆ ರಾತ್ರಿಯ ಅಂದಾಜು 0.6 ಅಥವಾ 0.7. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತ ಹೋದರೆ ಅದು ಹೆಚ್ಚು ಪ್ರಕಾಶಮಾನವಾಗಿ ತೋರುವುದರಿಂದ ಚಟ್ಟನೆ ನೋಡಿ ಕಣ್ಣು ತೆಗೆಯಬೇಕು. ಮೂರೂ ನಕ್ಷತ್ರಗಳು ದಿಗಂತದಿಂದ ಸಾಕಷ್ಟು ಮೇಲಿರುವ ಹೊತ್ತಿನಲ್ಲೇ ಹೋಲಿಸಬೇಕು. 2019ರ ಕೊನೆಯಲ್ಲಿ ಆರ್ದ್ರಾ ದಿನೇ ದಿನೇ ಮಂಕಾಗಿ 2020ರ ಫೆಬ್ರುವರಿಯ ಹೊತ್ತಿಗೆ ಸುಮಾರು 1.6ಕ್ಕೆ ಇಳಿಯಿತು, ಅಂದರೆ ಎಂದಿನ ಬೆಳಕಿನ ಸುಮಾರು ಮೂರನೇ ಒಂದು ಪಾಲಿಗೆ. ನಕ್ಷತ್ರ ಹೊರಚೆಲ್ಲಿದ ವಸ್ತು ತಣಿದು ದೂಳಾಗಿ ಅದನ್ನು ಮರೆಮಾಡಿತ್ತು. ಜಗತ್ತಿನ ನೂರಾರು ಹವ್ಯಾಸಿಗಳು ಆ ಇಳಿತವನ್ನು ಬರಿಗಣ್ಣಿನಿಂದಲೇ ದಾಖಲಿಸಿದರು. ಜೂನ್ ತಿಂಗಳ ಆಸುಪಾಸಿನ ಕೆಲವು ವಾರ ಮಾತ್ರ ಈ ತಾರೆಗೆ ರಜೆ. ಆಗ ಸೂರ್ಯ ಅದರ ಬಳಿಯೇ ಇರುತ್ತಾನೆ, ಕೆಳಗೆ ಹೊಲಗಳಲ್ಲಿ ಆರಿದ್ರೆ ಮಳೆಯ ಎಣಿಕೆ ನಡೆದಿರುತ್ತದೆ.

ದುರ್ಬೀನು ಇದ್ದವರಿಗೆ ಉತ್ತರ ಕಿರೀಟ ಪುಂಜದ ಟಿ ಎಂಬ ನಕ್ಷತ್ರವೂ ಇದೆ. ಸಾಮಾನ್ಯವಾಗಿ ಅದರ ಕಾಂತಿ 10ರ ಸುತ್ತ, ಬರಿಗಣ್ಣಿಗೆ ಕಾಣದು. 1866ರಲ್ಲಿ, ಮತ್ತೆ 1946ರಲ್ಲಿ ಅದು ಇದ್ದಕ್ಕಿದ್ದಂತೆ ಧ್ರುವತಾರೆಯಷ್ಟು ಹೊಳೆಯಿತು. ಎಂಬತ್ತು ವರ್ಷದ ಆ ಅಂತರವನ್ನು ನೆಚ್ಚಿಕೊಂಡು 2024ರಿಂದ ಹವ್ಯಾಸಿಗಳು ಅತ್ತ ಕಣ್ಣಿಟ್ಟಿದ್ದಾರೆ.

ಪಟ್ಟಿಯಲ್ಲಿ ಕೊನೆಯದು ಹ್ಯಾಮ್ ರೇಡಿಯೋ. ಮೊಬೈಲ್ ಇರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. ಮೊಬೈಲಿಗೆ ಗೋಪುರ ಬೇಕು, ಕೇಬಲ್ ಬೇಕು, ವಿದ್ಯುತ್ ಬೇಕು. ಹ್ಯಾಮ್‌ಗೆ ಒಂದು ಬ್ಯಾಟರಿ, ಒಂದು ಯಂತ್ರ, ಎರಡು ಮರಗಳ ನಡುವೆ ಕಟ್ಟಿದ ತಂತಿ ಇದ್ದರೆ ಸಾಕು. ಹೈ ಫ್ರೀಕ್ವೆನ್ಸಿಯ ಅಲೆಗಳು ಮೇಲಿನ ಅಯಾನುಗೋಳಕ್ಕೆ ಬಡಿದು ಬಾಗಿ ಮತ್ತೆ ನೆಲಕ್ಕಿಳಿಯುವುದರಿಂದ ದನಿ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಆ ಪದರದ ಗುಣ ಹಗಲು ರಾತ್ರಿಗೆ, ಋತುವಿಗೆ, ಸೂರ್ಯನ ಕಲೆಗಳ ಹನ್ನೊಂದು ವರ್ಷದ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ಇಂದು ಜಪಾನ್ ಸ್ಪಷ್ಟವಾಗಿ ಕೇಳಿದ ಹೊತ್ತಿನಲ್ಲೇ ನಾಳೆ ಬರೀ ಗೊರಗೊರ ಸದ್ದು ಇರಬಹುದು. ಹವ್ಯಾಸದ ಸ್ವಾರಸ್ಯ ಈ ಅನಿಶ್ಚಯದಲ್ಲೇ ಇದೆ. ಸಂಪರ್ಕ ಸಿಕ್ಕಿದ ಮೇಲೆ ಇಬ್ಬರೂ ಪರಸ್ಪರ ಕ್ಯೂಎಸ್ಎಲ್ ಎಂಬ ಕಾರ್ಡನ್ನು ಅಂಚೆಯಲ್ಲಿ ಕಳಿಸಿ ಖಚಿತಪಡಿಸುವ ಪದ್ಧತಿ ಇಂದಿಗೂ ಉಳಿದಿದೆ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ಹ್ಯಾಮ್ ತಂಡವೊಂದು ಅಂಡಮಾನಿನಿಂದ ಪ್ರಸಾರ ಮಾಡಲು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರ ಬೆಳಿಗ್ಗೆ ಸುನಾಮಿ ಬಂದು ದ್ವೀಪಗಳ ಸಂಪರ್ಕ ಕಡಿದುಹೋದಾಗ ಆ ಯಂತ್ರಗಳೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವು, ಬಂಧುಗಳು ಕ್ಷೇಮವಾಗಿದ್ದಾರೆ ಎಂಬ ಸಂದೇಶಗಳನ್ನು ದಾಟಿಸಿದವು. ಮರುವರ್ಷ ಮೇ 5ರಂದು ಇಸ್ರೋ ಹ್ಯಾಮ್‌ಗಳಿಗೆಂದೇ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಹಾರಿಸಿತು. ಅದು 2014ರವರೆಗೆ ಕೆಲಸ ಮಾಡಿತು.

ಪ್ರಸಾರ ಮಾಡಲು ಪರವಾನಗಿ ಕಡ್ಡಾಯ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆಯಬಹುದು. ಅದರಲ್ಲಿ ರೇಡಿಯೋ ತತ್ವ ಮತ್ತು ನಿಯಮಗಳ ಪ್ರಶ್ನೆಗಳಿರುತ್ತವೆ. ನಿರ್ಬಂಧಿತ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ, ತೇರ್ಗಡೆಯಾದವರಿಗೆ ವಿಯು3ಯಿಂದ ಶುರುವಾಗುವ ಕರೆಸಂಕೇತ ಸಿಗುತ್ತದೆ. ಸಾಮಾನ್ಯ ದರ್ಜೆಯವರದು ವಿಯು2. ಬೆಂಗಳೂರಿನಲ್ಲಿ ಹ್ಯಾಮ್ ತರಬೇತಿ ನೀಡುವ ಸಂಸ್ಥೆಗಳಿವೆ, ಸುತ್ತಮುತ್ತ ಹಳೆಯ ಹ್ಯಾಮ್‌ಗಳೂ ಹಲವರಿದ್ದಾರೆ. ಪ್ರಸಾರಯಂತ್ರ ಕೊಳ್ಳುವ ಮೊದಲು ಅಂಥವರ ಬಳಿ ಕುಳಿತು ಕೇಳಿಸಿಕೊಳ್ಳುವುದು ಒಳ್ಳೆಯದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುವ ಸುಮಾರು ಹತ್ತು ನಿಮಿಷ 145.800 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟರೆ, ಗಗನಯಾತ್ರಿಗಳು ಶಾಲಾಮಕ್ಕಳ ಜತೆ ಮಾತಾಡುತ್ತಿರುವ ದಿನಗಳಲ್ಲಿ, ಆ ದನಿಯನ್ನು ನೇರವಾಗಿ ಕೇಳಬಹುದು.